ಹೊರಿಕಾನಿನ ಜೌಗು, ನಮ್ಮ ಮನೆಯ ಜಡ್ಡಿ

ಅಮೆರಿಕಕ್ಕೆ ಹೋಗಿ ಬಂದವರಿಗೆ ಊರಿನಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಯಾಗರ ನೋಡಿದ್ರಾ? ನ್ಯೂಯಾರ್ಕಿಗೆ ಹೋಗಿದ್ರಾ? ಚಳಿ ತಡೀತಾ? ನಯಾಗರ ನಾನು ನೋಡಲಿಲ್ಲ. ಸಿದ್ದಾಪುರ ತಾಲ್ಲೂಕಿನಲ್ಲಿ, ಬೇಕೆಂದಾಗ ಜೋಗಕ್ಕೆ ಹೋಗಿ ಬರುವಷ್ಟು ಹತ್ತಿರದಲ್ಲಿ ನಲವತ್ತು ವರ್ಷ ಬಾಳಿದವಳಿಗೆ ಜಲಪಾತದ ಆಸೆ ಅಷ್ಟೊಂದು ಇರಲೂ ಇಲ್ಲ. ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ನೋಡಿದ್ದರಲ್ಲಿ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತದ್ದು ಒಂದು ಜೌಗು ಪ್ರದೇಶ. “ಕೆಸರು ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ ಮಾರಾಯ್ತಿ?” ಎಂದು ನಗುತ್ತಾರೆ. ನಗಲಿ. ಆ ಕೆಸರಿನಿಂದ ನಮ್ಮ ಮನೆಯ ಒಂದು ವಿಷಯ ತೀರ್ಮಾನವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಅಡಿಕೆ ತೋಟದ ಮೇಲ್ಗಡೆ, ಬೆಟ್ಟ ಶುರುವಾಗುವ ಜಾಗದಲ್ಲಿ, ಮುಕ್ಕಾಲು ಎಕರೆಯಷ್ಟು ಜಡ್ಡಿ ಇದೆ. ವರ್ಷವಿಡೀ ನೀರು ಜಿನುಗುವ ಜೌಗು ನೆಲಕ್ಕೆ ನಮ್ಮ ಕಡೆ ಜಡ್ಡಿ ಅನ್ನುತ್ತೇವೆ. ಹನ್ನೆರಡೋ ಹದಿಮೂರೋ ರಾಮಪತ್ರೆ ಜಾತಿಯ ಹಳೆಯ ಮರಗಳಿವೆ. ಅವುಗಳ ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದ ಹಾಗೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತವೆ. ಕೆಸರಿನೊಳಗೆ ಗಾಳಿ ಇಲ್ಲದ್ದರಿಂದ ಮರ ಹಾಗೆ ಬೇರು ಎತ್ತಿ ಉಸಿರಾಡುತ್ತದಂತೆ. ಜೋಗದಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವಾಗ ಸಿಗುವ ಕತ್ತಲೆಕಾನಿನಲ್ಲಿ ಇಂಥ ಜಡ್ಡಿಗಳು ದೊಡ್ಡದಾಗಿವೆ, ವಿಜ್ಞಾನಿಗಳು ಬಂದು ನೋಡಿ ಹೋಗುತ್ತಾರೆ. ನಮ್ಮದು ಯಾರೂ ನೋಡದ ಚಿಕ್ಕ ತುಂಡು. ಅಲ್ಲಿಂದ ಹೊರಡುವ ನೀರೇ ನಮ್ಮ ಅಂಗಳಕ್ಕೆ ಪೈಪಿನಲ್ಲಿ ಬರುವ ಅಬ್ಬಿ ನೀರು.

ನಮ್ಮವರು ಹೋಗಿ ಎರಡು ವರ್ಷವಾಗಿತ್ತು. ಅವರು ಮತ್ತು ಮೈದುನ ಸೇರಿ ಮಾಡುತ್ತಿದ್ದ ತೋಟ, ಇನ್ನೂ ಪಾಲಾಗಿರಲಿಲ್ಲ. ಅಡಿಕೆಗೆ ಒಳ್ಳೆಯ ದರ ಬಂದಿತ್ತು. ನಾನು ಮಗಳ ಮನೆಗೆ ಹೋದ ಮೇಲೆ ಮೈದುನ ಫೋನು ಮಾಡಿ ಹೇಳಿದ್ದ. “ಅತ್ತಿಗೆ, ಜಡ್ಡಿ ಸುಮ್ನೆ ಬಿದ್ಕಂಡಿದ್ದು. ಜೆಸಿಬಿ ತರಿಸಿ ಎರಡು ದಿನ ಕಾಲುವೆ ಹೊಡ್ಸಿದ್ರೆ ನೀರು ಇಳೀತು. ನಾನ್ನೂರು ಸಸಿ ಆರಾಮಾಗಿ ಕೂರ್ತು. ಅತ್ತಿಗೆ ಹೂಂ ಹೇಳಿದ್ರೆ ಸಾಕು.” ಅವನು ಕೆಟ್ಟವನಲ್ಲ. ಇಬ್ಬರು ಮಕ್ಕಳು ಓದುತ್ತಿದ್ದಾರೆ, ತೋಟಕ್ಕೆ ಕೊಳೆ ರೋಗ ಬಂದು ಹಿಂದಿನ ವರ್ಷ ಅರ್ಧ ಫಸಲು ಹೋಗಿತ್ತು. ಊರಿಗೆ ಬಂದು ಮಾತಾಡುವಾ ಅಂದರೆ ಅವನಿಗೆ ಅಷ್ಟು ದಿನ ತಡೆಯುವ ಹಾಗಿರಲಿಲ್ಲ. ಮಳೆಗಾಲದ ನೀರು ತಗ್ಗಿದ ಮೇಲೆ, ಕೊನೆ ಕೊಯ್ಲು ಮುಗಿದ ಕೂಡಲೇ ಕೆಲಸ ಹಿಡಿಯಬೇಕು ಅಂತ ಅವನ ಲೆಕ್ಕ. ಯೋಚಿಸಿ ಹೇಳುತ್ತೇನೆ ಅಂದಿದ್ದೆ. ಯೋಚನೆ ಮುಗಿದಿರಲಿಲ್ಲ.

ಮಗಳಿರುವುದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿ. ಅಕ್ಟೋಬರಿನಲ್ಲಿ ಅಲ್ಲಿಯ ಮರಗಳೆಲ್ಲ ಕೆಂಪು, ಅರಿಶಿನ, ಕುಂಕುಮ ಬಣ್ಣ ತಿರುಗಿ ಜಾತ್ರೆಯ ಹಾಗೆ ಇರುತ್ತದೆ, ಎಲ್ಲರೂ ಫೋಟೋ ತೆಗೆಯಲು ಹೊರಡುತ್ತಾರೆ. ನವೆಂಬರ್ ಬಂತೆಂದರೆ ಜಾತ್ರೆ ಮುಗಿದ ಮೈದಾನ. ಎಲೆಯೆಲ್ಲ ಉದುರಿ, ಆಕಾಶ ಬೂದಿ ಬಣ್ಣಕ್ಕೆ ಬಂದು, ಸಂಜೆ ಐದಕ್ಕೆಲ್ಲ ಕತ್ತಲೆ. ನಮ್ಮಲ್ಲಿ ಕಾರ್ತಿಕ ಮಾಸ, ತುಳಸಿ ಕಟ್ಟೆಯಲ್ಲಿ ದೀಪ ಉರಿಯುವ ಕಾಲ. ಅಲ್ಲಿ ಜನ ಕಿಟಕಿ ಬಾಗಿಲು ಭದ್ರ ಮಾಡಿ ಚಳಿಗಾಲಕ್ಕೆ ಕಾಯುತ್ತಾ ಕೂರುತ್ತಾರೆ. ಅಂಥ ಒಂದು ಶನಿವಾರ ಅಳಿಯ, “ಅತ್ತೆ, ಹೊರಿಕಾನಿಗೆ ಹೋಗಿ ಬರೋಣವಾ? ಹೆಬ್ಬಾತುಗಳು ಹೊರಡುವ ಮುಂಚೆ ನೋಡಬೇಕು” ಎಂದರು. ಹೆಸರು ಕೇಳಿ ನನಗೆ ನಗು ಬಂತು. ಕಾನು ಅಂದರೆ ನಮಗೆ ಕಾಡು. ಇಷ್ಟು ದೂರ ಬಂದರೂ ಹೊರಿ‘ಕಾನು’ ತಪ್ಪಲಿಲ್ಲವಲ್ಲ ಎಂದೆ.

ಚಪಾತಿ ಸುತ್ತಿ, ಮಾವಿನಮಿಡಿ ಉಪ್ಪಿನಕಾಯಿ ಡಬ್ಬಿ ಇಟ್ಟುಕೊಂಡು, ಫ್ಲಾಸ್ಕಿನಲ್ಲಿ ಕಷಾಯ ತುಂಬಿಸಿ ಹೊರಟೆವು. ಒಂದು ಗಂಟೆಗೆ ಸ್ವಲ್ಪ ಮೇಲೆ ದಾರಿ. ಎರಡೂ ಬದಿಯಲ್ಲಿ ಕೊಯ್ಲಾದ ಜೋಳದ ಹೊಲಗಳು, ಕೂಳೆ ಮಾತ್ರ ಉಳಿದಿತ್ತು. ಆ ಕೂಳೆಯ ನಡುವೆ ಬಿದ್ದ ಕಾಳು ಆರಿಸುತ್ತಾ ನೂರಾರು ಹೆಬ್ಬಾತುಗಳು ಕುಳಿತಿದ್ದವು. ಕಪ್ಪು ಕುತ್ತಿಗೆ, ಕೆನ್ನೆಯ ಮೇಲೆ ಬಿಳಿ ಪಟ್ಟಿ. ಕೆನಡಾ ಹೆಬ್ಬಾತು ಅಂತ ಅವುಗಳ ಹೆಸರು. ಉತ್ತರದ ಹಡ್ಸನ್ ಕೊಲ್ಲಿಯ ಕಡೆ ಮರಿ ಮಾಡಿ, ಚಳಿ ಇಳಿಯುತ್ತಿದ್ದ ಹಾಗೆ ದಕ್ಷಿಣಕ್ಕೆ ಹೊರಟು, ನಡುವೆ ಇಲ್ಲಿ ತಂಗುತ್ತವೆ. ಹಗಲು ಹೊಲದಲ್ಲಿ ಮೇಯುವುದು, ರಾತ್ರಿ ಜೌಗಿನ ನೀರಿನಲ್ಲಿ ಮಲಗುವುದು. ನೀರು ಹೆಪ್ಪುಗಟ್ಟುವವರೆಗೆ ಇದ್ದು ಮತ್ತೆ ಹೊರಡುವುದು.

ಹೊರಿಕಾನ್ ಜೌಗಿನ ಅಂಚಿನಲ್ಲಿ ಕಾರು ನಿಲ್ಲಿಸಿ ಇಳಿದಾಗ ಮೊದಲು ಗೊತ್ತಾದದ್ದು ಅದರ ಗಾತ್ರವಲ್ಲ, ಮೌನ. ನೀರಿನ ಮೇಲೆ ತೇಲುವ ಹಲಗೆಯ ಕಾಲುದಾರಿ ಮಾಡಿದ್ದಾರೆ. ಹೆಜ್ಜೆಯಿಟ್ಟರೆ ಹಲಗೆ ಸ್ವಲ್ಪ ತಗ್ಗುತ್ತದೆ, ಕೆಳಗೆ ನೀರು ಗುಳುಕ್ ಅನ್ನುತ್ತದೆ. ಎಡಕ್ಕೂ ಬಲಕ್ಕೂ ಆಳೆತ್ತರದ ಜೊಂಡು, ಒಣಗಿ ಹುಲ್ಲಿನ ಮಾಡಿನ ಬಣ್ಣಕ್ಕೆ ತಿರುಗಿತ್ತು. ಕಣ್ಣು ಹಾಯುವಷ್ಟೂ ಅದೇ. ಸುಮಾರು 33,000 ಎಕರೆ, ಉದ್ದವೇ 14 ಮೈಲಿ. ನಮ್ಮ ಮುಕ್ಕಾಲು ಎಕರೆ ನೆನಪಾಗಿ ಮನಸ್ಸಿನಲ್ಲೇ ಭಾಗಾಕಾರ ಮಾಡಲು ಹೋಗಿ ಬಿಟ್ಟೆ.

ಜೊಂಡಿನ ತೆನೆ ನೋಡಿದ್ದೀರಲ್ಲ, ನಮ್ಮ ಕೆರೆಗಳಲ್ಲೂ ಇರುತ್ತದೆ, ಕಂದು ಬಣ್ಣದ ಊದುಬತ್ತಿಯ ಕಟ್ಟಿನ ಹಾಗೆ. ಶರತ್ಕಾಲದ ಕೊನೆಗೆ ಅದು ಒಡೆದು ಬೂರುಗದ ಹತ್ತಿಯ ಹಾಗೆ ಅರಳೆ ಹೊರಗೆ ಬರುತ್ತದೆ. ಒಂದೊಂದು ತೆನೆಯಲ್ಲೂ ಲಕ್ಷಕ್ಕೂ ಹೆಚ್ಚು ಬೀಜ. ಗಾಳಿ ಬಂದಾಗಲೆಲ್ಲ ಆ ಅರಳೆ ಎದ್ದು ಹಾರುತ್ತಿತ್ತು. ಮೊಮ್ಮಗಳು ಅದನ್ನು ಹಿಡಿಯಲು ಓಡುತ್ತಿದ್ದಳು. ಹಾಗೆ ಓಡುತ್ತಿದ್ದವಳು ಒಮ್ಮೆಲೇ ನಿಂತಳು. “ಅಮ್ಮಮ್ಮಾ, ಇದು ತಣ್ಣಗಿದೆ!” ಅಂದಳು. ಅಂಗೈಯಲ್ಲಿ ನೋಡಿದರೆ ಅರಳೆ ಇರಲಿಲ್ಲ, ಒಂದು ಹನಿ ನೀರಿತ್ತು.

ಹಿಮ ಶುರುವಾಗಿತ್ತು. ಆ ವರ್ಷದ ಮೊದಲ ಹಿಮ, ನನಗಂತೂ ಜೀವಮಾನದ ಮೊದಲನೆಯದು. ಸ್ವಲ್ಪ ಹೊತ್ತು ಯಾವುದು ಅರಳೆ, ಯಾವುದು ಹಿಮ ಎಂದು ಬೇರೆ ಮಾಡಲಾಗುತ್ತಿರಲಿಲ್ಲ. ಎರಡೂ ಬಿಳಿ, ಎರಡೂ ಅವಸರವಿಲ್ಲದೆ ಬರುತ್ತಿದ್ದವು. ಆಮೇಲೆ ಗಾಳಿ ನಿಂತಿತು. ಅರಳೆ ಹಾರುವುದು ನಿಂತಿತು, ಹಿಮ ಮಾತ್ರ ನೇರವಾಗಿ ಇಳಿಯತೊಡಗಿತು.

ಮಲೆನಾಡಿನವರಿಗೆ ಆಕಾಶದಿಂದ ಏನಾದರೂ ಬೀಳುತ್ತದೆ ಅಂದರೆ ಸದ್ದು ಇರಲೇಬೇಕು. ಆಷಾಢದ ಮಳೆಗೆ ಹಂಚಿನ ಮನೆಯೊಳಗೆ ಕೂಗಿ ಮಾತಾಡಬೇಕು. ಇಲ್ಲಿ ಇಷ್ಟೆಲ್ಲ ಬೀಳುತ್ತಿದ್ದರೂ ಸದ್ದೇ ಇಲ್ಲ. ಇದ್ದ ಸದ್ದನ್ನೂ ಅದು ನುಂಗುತ್ತಿತ್ತು. ದೂರದ ಹೆದ್ದಾರಿಯಲ್ಲಿ ಓಡುತ್ತಿದ್ದ ಲಾರಿಗಳ ಗುಂಯ್ ಅನ್ನುವ ದನಿ ಮೆಲ್ಲಗೆ ಅಳಿಸಿಹೋಯಿತು. ಹೊಸ ಹಿಮದ ಹಳಕುಗಳ ನಡುವೆ ಗಾಳಿ ತುಂಬಿಕೊಂಡಿರುತ್ತದೆ, ಸದ್ದು ಅದರಲ್ಲಿ ಸಿಕ್ಕಿಕೊಂಡು ಸಾಯುತ್ತದೆ ಎಂದು ಅಳಿಯ ವಿವರಿಸಿದರು. ನೀರಿನ ಮೇಲೆ ಬಿದ್ದ ಹಿಮ ಮುಟ್ಟಿದ ಕ್ಷಣ ಮಾಯ. ಜೊಂಡಿನ ಮೇಲೆ ಬಿದ್ದದ್ದು ಉಳಿಯುತ್ತಿತ್ತು. ಕಾಲು ಗಂಟೆಯಲ್ಲಿ ಪ್ರತಿ ತೆನೆಗೂ ಒಂದೊಂದು ಬಿಳಿ ಟೋಪಿ. ಅವುಗಳ ನಡುವೆ ಕಪ್ಪು ನೀರು ಮೊದಲಿಗಿಂತ ಕಪ್ಪಾಗಿ ಕಾಣುತ್ತಿತ್ತು.

“ಆಯಿ, ಚಳಿ ಆದ್ರೆ ಕಾರಿಗೆ ಹೋಗೋಣ” ಎಂದು ಮಗಳು ಎರಡು ಸಲ ಹೇಳಿದಳು. ಚಳಿ ಆಗುತ್ತಿತ್ತು. ಆದರೂ ಹೋಗಲು ಮನಸ್ಸಾಗಲಿಲ್ಲ. ನಮ್ಮವರು ಇದ್ದಿದ್ದರೆ ಎರಡು ಕೈ ಹಿಂದೆ ಕಟ್ಟಿಕೊಂಡು ಒಂದು ಮಾತೂ ಆಡದೆ ಇಲ್ಲೇ ನಿಂತುಬಿಡುತ್ತಿದ್ದರು ಅನ್ನಿಸಿತು. ಅವರು ಜಡ್ಡಿಯ ಅಂಚಿನಲ್ಲಿ ಹಾಗೆಯೇ ನಿಲ್ಲುತ್ತಿದ್ದರು. ಪ್ರತಿ ವರ್ಷ ಯುಗಾದಿಯ ದಿನ ಅಬ್ಬಿಯ ಕೆಳಗೆ ತಾಮ್ರದ ಕೊಡ ಇಟ್ಟು, ಅದು ತುಂಬಲು ಎಷ್ಟು ಹೊತ್ತು ಬೇಕು ಎಂದು ಕೈಗಡಿಯಾರ ನೋಡಿ ಪಂಚಾಂಗದ ಅಂಚಿನಲ್ಲಿ ಬರೆಯುತ್ತಿದ್ದರು. ಒಳ್ಳೆಯ ವರ್ಷ ಎರಡು ನಿಮಿಷ. ಬರ ಬಿದ್ದಿದ್ದ 2017ರಲ್ಲಿ ನಾಲ್ಕೂವರೆ ನಿಮಿಷ. ಆ ವರ್ಷ ಕೆಳಗಿನ ಮೂರು ಮನೆಯ ಬಾವಿ ಬತ್ತಿ, ಮೂರು ಮನೆಯವರೂ ನಮ್ಮ ಅಂಗಳಕ್ಕೇ ಕೊಡ ತಂದಿದ್ದರು. ನೂಲಿನಷ್ಟು ಸಣ್ಣಗಾದರೂ ಅಬ್ಬಿ ನಿಂತಿರಲಿಲ್ಲ.

ಕಷಾಯ ಕುಡಿಯುತ್ತಾ ಅಳಿಯ ಆ ಜೌಗಿನ ಕತೆ ಹೇಳಿದರು. ಸಂದರ್ಶಕರ ಕೇಂದ್ರದ ಫಲಕಗಳಲ್ಲೂ ಆಮೇಲೆ ಮಗಳು ಅದನ್ನೇ ಓದಿ ಹೇಳಿದಳು. ಸಾವಿರಾರು ವರ್ಷದ ಹಿಂದೆ ಹಿಮನದಿ ಕರಗಿ ಹಿಂದೆ ಸರಿದಾಗ ಉಳಿದ ತಗ್ಗು ಅದು. ರಾಕ್ ನದಿ ಅದರ ಮೂಲಕ ಹರಿದು ಮುಂದೆ ಮಿಸ್ಸಿಸಿಪ್ಪಿಯನ್ನು ಸೇರುತ್ತದೆ. ಹೋ-ಚಂಕ್ ಮತ್ತು ಪೊಟವಟೊಮಿ ಜನ ಅದರ ಸುತ್ತ ಬಾಳುತ್ತಿದ್ದರು. 1846ರಲ್ಲಿ ಹೊಸದಾಗಿ ಬಂದು ನೆಲೆಸಿದವರು ಗಿರಣಿ ಓಡಿಸಲು ನದಿಗೆ ಅಣೆಕಟ್ಟು ಕಟ್ಟಿದರು. ಜೌಗು ಮುಳುಗಿ ಸರೋವರವಾಯಿತು. ಹೊಲ ಕಳೆದುಕೊಂಡವರು ವ್ಯಾಜ್ಯ ಹೂಡಿದರು. 1869ರಲ್ಲಿ ಕಟ್ಟೆ ತೆಗೆದರು, ಜೌಗು ಮರಳಿ ಬಂತು.

ಆಮೇಲೆ ಬಂದದ್ದು ಕಾಲುವೆ. 1910ರಿಂದ 1914ರ ನಡುವೆ ಜೌಗಿನ ನಡುವೆ ದೊಡ್ಡ ಕಾಲುವೆ ತೋಡಿ ನೀರು ಇಳಿಸಿದರು. ಕಪ್ಪು ಮಣ್ಣು, ಚಪ್ಪಟೆ ನೆಲ, ತರಕಾರಿ ಬೆಳೆದು ಲಾಭ ಮಾಡಬಹುದು ಎನ್ನುವ ಲೆಕ್ಕ. ಅದು ಕೂಡಿ ಬರಲಿಲ್ಲ. ಕೆಲವು ಕಡೆ ನೀರು ಪೂರ್ತಿ ಇಳಿಯಲೇ ಇಲ್ಲ. ಇಳಿದ ಕಡೆ ಒಣಗಿದ ನೆಲಕ್ಕೆ ಬೆಂಕಿ ಹಿಡಿಯಿತು. ಮಣ್ಣಿಗೆ ಬೆಂಕಿಯಾ ಎಂದು ಕೇಳಿದೆ. ಜೌಗಿನ ಮಣ್ಣು ನಿಜವಾಗಿ ಮಣ್ಣಲ್ಲವಂತೆ. ಶತಮಾನಗಳ ಕಾಲ ಸತ್ತ ಹುಲ್ಲು, ಬೇರು ನೀರಿನಡಿ ಗಾಳಿಯಿಲ್ಲದೆ ಕೊಳೆಯಲಾರದೆ ಕೂತು ಕೂತು ಪದರಗಟ್ಟಿದ್ದು. ಪೀಟ್ ಅನ್ನುತ್ತಾರೆ. ಒಣಗಿತೆಂದರೆ ಅದು ಸೌದೆ. ಮೇಲೆ ಉರಿ ಕಾಣದೆ, ನೆಲದೊಳಗೇ ಕನಲುತ್ತಾ ಸಾಗುತ್ತದೆ. ಹಕ್ಕಿ ಹೋಯಿತು, ಮೀನು ಹೋಯಿತು, ಬೆಳೆಯೂ ಇಲ್ಲ.

1920ರ ದಶಕದಲ್ಲಿ ಲೂಯಿ ರಾಡ್ಕೆ ಎನ್ನುವವರು ಐಸಾಕ್ ವಾಲ್ಟನ್ ಲೀಗ್ ಎಂಬ ಸಂಘದ ಜೊತೆ ಸೇರಿ ಊರೂರು ಸುತ್ತಿ, ಜೌಗನ್ನು ಮತ್ತೆ ಜೌಗು ಮಾಡಬೇಕು ಎಂದು ಹಟ ಹಿಡಿದರು. 1927ರಲ್ಲಿ ರಾಜ್ಯದಲ್ಲಿ ಅದಕ್ಕೆ ಕಾಯ್ದೆಯಾಯಿತು. 1934ರಲ್ಲಿ ನೀರು ನಿಲ್ಲಿಸಲು ಹೊಸ ಕಟ್ಟೆ ಮುಗಿಯಿತು. 1941ರಲ್ಲಿ ಉತ್ತರದ ಭಾಗ ಕೇಂದ್ರ ಸರ್ಕಾರದ ವನ್ಯಜೀವಿ ಧಾಮವಾಯಿತು. ಮುಂದಿನ ದಶಕಗಳಲ್ಲಿ ಒಂದೊಂದು ಶರತ್ಕಾಲದಲ್ಲಿ ಲಕ್ಷಕ್ಕೂ ಹೆಚ್ಚು ಹೆಬ್ಬಾತು ಇಳಿಯುವಂತಾಯಿತು. 1990ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿ ಅದು. ನಮ್ಮ ಜಿಲ್ಲೆಯ ಅಘನಾಶಿನಿ ಅಳಿವೆಯೂ 2024ರಲ್ಲಿ ಅದೇ ಪಟ್ಟಿಗೆ ಸೇರಿದೆ. ನಮ್ಮ ಅಬ್ಬಿಯ ನೀರು ಹಳ್ಳವಾಗಿ ಕೊನೆಗೆ ಹೋಗಿ ಸೇರುವುದು ಅಘನಾಶಿನಿಯನ್ನೇ.

ಕತೆ ಕೇಳುತ್ತಿದ್ದಾಗ ನನ್ನ ಕಣ್ಣು ನೀರಿನಲ್ಲಿದ್ದ ಜೊಂಡಿನ ಒಂದು ಗುಡ್ಡೆಯ ಮೇಲಿತ್ತು. ಹುಲ್ಲಿನ ಪುಟ್ಟ ಬಣವೆಯ ಹಾಗೆ ಕಾಣುತ್ತಿತ್ತು. ಅದರ ಪಕ್ಕದಿಂದ ಒಂದು ಕಂದು ಪ್ರಾಣಿ, ದೊಡ್ಡ ಹೆಗ್ಗಣದಷ್ಟು, ಬಾಯಲ್ಲಿ ಜೊಂಡಿನ ಬೇರು ಕಚ್ಚಿಕೊಂಡು ಈಜಿ ಬಂದು ಬುಳುಕ್ಕನೆ ಮುಳುಗಿತು. ಮಸ್ಕ್‌ರ‍್ಯಾಟ್ ಎನ್ನುವ ನೀರಿಲಿ. ಜೊಂಡನ್ನೇ ಕಡಿದು ಮನೆ ಕಟ್ಟುತ್ತದೆ, ಜೊಂಡನ್ನೇ ತಿನ್ನುತ್ತದೆ, ಬಾಗಿಲು ನೀರಿನ ಕೆಳಗೆ. ಕರಡಿಯ ಹಾಗೆ ಚಳಿಗಾಲವಿಡೀ ಮಲಗುವುದಿಲ್ಲ. ಮೇಲೆ ಮಂಜುಗಡ್ಡೆ ಕಟ್ಟಿದ ಮೇಲೂ ಕೆಳಗಿನ ನೀರಿನಲ್ಲಿ ಓಡಾಡಿಕೊಂಡಿರುತ್ತದೆ. ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಭಾರ, ಹೆಪ್ಪುಗಟ್ಟುವಾಗ ಹಗುರ. ಅದಕ್ಕೇ ಗಡ್ಡೆ ಮೇಲೆ ತೇಲುತ್ತದೆ, ಕೆಳಗೆ ಜೀವ ಉಳಿಯುತ್ತದೆ. ಶಾಲೆಯಲ್ಲಿ ಓದಿದ್ದ ಪಾಠ, ಅರವತ್ತಮೂರನೇ ವಯಸ್ಸಿನಲ್ಲಿ ಕಣ್ಣೆದುರಿಗೆ ಕಂಡೆ.

ಹೊರಡುವ ಹೊತ್ತಿಗೆ ಬೂದು ಬಣ್ಣದ ಆಕಾಶದಿಂದ ಮರದ ಗಿಲಕಿ ಅಲ್ಲಾಡಿಸಿದಂಥ ಕೂಗು ಕೇಳಿಸಿತು. ಸ್ಯಾಂಡ್‌ಹಿಲ್ ಕ್ರೇನುಗಳು. ಏಳೆಂಟು ಇದ್ದವು, ಕುತ್ತಿಗೆ ಕಾಲು ಚಾಚಿ ಹಿಮದೊಳಗೆ ದಕ್ಷಿಣಕ್ಕೆ ಹಾರಿ ಹೋದವು. 1930ರ ದಶಕದಲ್ಲಿ ವಿಸ್ಕಾನ್ಸಿನ್ನಿನಲ್ಲಿ ಈ ಹಕ್ಕಿ ಬೆರಳೆಣಿಕೆಯ ಜೋಡಿಗಳಿಗೆ ಇಳಿದಿತ್ತಂತೆ. ಮ್ಯಾಡಿಸನ್ನಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೊಪೋಲ್ಡ್ ಅವು ಇಲ್ಲವಾಗುತ್ತವೆಂದು ಮರುಗಿ ಬರೆದಿದ್ದರು. ಅವರ ಪುಸ್ತಕ 1949ರಲ್ಲಿ ಅಚ್ಚಾಗಿ ಬರುವಾಗ ಅವರೇ ಇರಲಿಲ್ಲ. ಈಗ ಹಕ್ಕಿಗಳು ಸಾವಿರ ಸಾವಿರ ಲೆಕ್ಕದಲ್ಲಿ ಇವೆ. ಬೇಟೆ ನಿಂತಿತು, ಜೌಗು ಉಳಿಯಿತು, ಹಕ್ಕಿ ಬಂತು.

ಆ ರಾತ್ರಿ, ಅಂದರೆ ಊರಿನಲ್ಲಿ ಬೆಳಗ್ಗೆ, ಮೈದುನನಿಗೆ ಫೋನು ಮಾಡಿದೆ. “ತಮಾ, ಜಡ್ಡಿಗೆ ಕಾಲುವೆ ಬೇಡ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅತ್ತಿಗೆ ಅಲ್ಲಿ ಕೂತು ಹೇಳೋದು ಸುಲಭ. ಇಲ್ಲಿ ಖರ್ಚು ತೂಗಿಸೋನು ನಾನು” ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಬೇರೆಯವರ ಹೊಟ್ಟೆಯ ಮೇಲೆ ಕೂತು ಜಡ್ಡಿ ಉಳಿಸಿ ಎಂದು ಹೇಳುವುದು ಯಾರಿಗೂ ಶೋಭೆಯಲ್ಲ. ಹಾಗಾಗಿ ಮುಂದಿನ ಮಾತನ್ನೂ ಹೇಳಿದೆ. “ಪಾಲು ಮಾಡಿಬಿಡೋಣ. ಜಡ್ಡಿ ಪೂರ್ತಿ ನನ್ನ ಪಾಲಿಗೆ ಬರಲಿ. ಅದರ ಬದಲಿಗೆ ಮನೆಯ ಹಿಂದಿನ ತೋಟದಲ್ಲಿ ನನ್ನ ಪಾಲಿನ ಹತ್ತು ಗುಂಟೆ ನೀನೇ ತಗೋ. ಅಬ್ಬಿ ನೀರು ಇಬ್ಬರಿಗೂ, ಕೆಳಗಿನ ಮನೆಗಳಿಗೂ, ಮೊದಲಿನ ಹಾಗೆ.”

ಮನೆಯ ಹಿಂದಿನ ತೋಟ ಅಂದರೆ ಫಸಲು ಕೊಡುವ ಮರಗಳು. ಮಗಳಿಗೆ ಇದು ಸರಿ ಕಾಣಲಿಲ್ಲ. “ಆಯಿ, ವಯಸ್ಸಾದ ಮೇಲೆ ನಿನ್ನ ಕೈಗೆ ಬರೋ ದುಡ್ಡು ಅದು. ಕೆಸರಿಗಾಗಿ ಬಿಟ್ಕೊಡ್ತೀಯಾ?” ಎಂದು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ನನ್ನ ಮೇಲಿನ ಕಾಳಜಿಗೇ ಅವಳು ಹಾಗಂದದ್ದು. ಅವಳಿಗೆ ಪಂಚಾಂಗದ ಅಂಚಿನ ಲೆಕ್ಕಗಳನ್ನು ಹೇಳಿದೆ. 2017ರ ನಾಲ್ಕೂವರೆ ನಿಮಿಷದ ಕತೆ ಹೇಳಿದೆ. ಕೊಳವೆಬಾವಿ ಕೊರೆಸಿ ನೀರು ಬರದೆ ಲಕ್ಷಗಟ್ಟಲೆ ಕಳೆದುಕೊಂಡವರು ನಮ್ಮ ಸೀಮೆಯಲ್ಲೇ ಎಷ್ಟು ಜನ ಎಂದು ಹೇಳಿದೆ. ಜಡ್ಡಿಯ ನೀರು ಇಳಿಸಿದರೆ ಮೊದಲ ನಾಲ್ಕೈದು ವರ್ಷ ಸಸಿ ಚೆನ್ನಾಗೇ ಬರಬಹುದು. ಆದರೆ ಏಪ್ರಿಲ್ ತಿಂಗಳಲ್ಲಿ ಆ ಸಸಿಗೂ ಕೆಳಗಿನ ಇಡೀ ತೋಟಕ್ಕೂ ನೀರು ಎಲ್ಲಿಂದ ತರುವುದು? ಮಳೆಗಾಲದ ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟು ಬೇಸಿಗೆಯಲ್ಲಿ ಚಮಚ ಚಮಚವಾಗಿ ಕೊಡುವುದು ಆ ಕೆಸರೇ. ವಿಸ್ಕಾನ್ಸಿನ್ನಿನವರು ಹಾಳು ಮಾಡಿ, ಮತ್ತೆ ಸರಿ ಮಾಡಲು ಹೆಣಗಿ, ದಶಕಗಳ ಕಾಲ ದುಡ್ಡು ಸುರಿದರು. ಅವರ ಹಿಂದೆ ಸರ್ಕಾರವಿತ್ತು, 33,000 ಎಕರೆಯ ದೊಡ್ಡಸ್ತಿಕೆಯಿತ್ತು. ನಮ್ಮ ಮುಕ್ಕಾಲು ಎಕರೆ ಹೋದರೆ ಮರಳಿ ತಂದುಕೊಡುವವರು ಯಾರು?

ಮೂರನೆಯ ದಿನ ಮಗಳು, “ಅಪ್ಪಯ್ಯನೂ ಇದನ್ನೇ ಮಾಡ್ತಿದ್ನೇನೋ” ಎಂದಳು. ಅಷ್ಟೇ. ಅದು ಒಪ್ಪಿಗೆ ಎಂದುಕೊಂಡೆ.

ಜನವರಿಯಲ್ಲಿ ಊರಿಗೆ ಬಂದೆ. ಪಾಲು ಪತ್ರ ಬರೆಸಿದೆವು. ಮೈದುನ ತನ್ನ ಪಾಲಿಗೆ ಬಂದ ತೋಟಕ್ಕೆ ಹೊಸ ಮಣ್ಣು ಹೊಡೆಸಿ ಕಾಳುಮೆಣಸು ಹಬ್ಬಿಸಿದ್ದಾನೆ. ನನಗೆ ಈ ವರ್ಷ ಅಡಿಕೆ ದುಡ್ಡು ಕಡಿಮೆಯೇ ಬಂತು, ಸುಳ್ಳು ಯಾಕೆ ಹೇಳಲಿ. ಮನೆಯ ಹಿಂದಿನ ತೋಟದಲ್ಲಿ ಕೊನೆಗೌಡ ಮರ ಹತ್ತಿ ಕೊನೆ ಇಳಿಸುವಾಗ ನಾಲ್ಕು ಕೊನೆಗೆ ಮನಸ್ಸು ಚುರ್ ಅಂದದ್ದೂ ಹೌದು. ಜಡ್ಡಿಯ ಕಡೆಯ ಬೇಲಿ ಮಾತ್ರ ಗಟ್ಟಿ ಮಾಡಿಸಿದೆ, ದನ ನುಗ್ಗಿ ಎಳೆಯ ಗಿಡ ತುಳಿಯದಿರಲಿ ಎಂದು. ಬೇಲಿಯೊಳಗೆ ಬೆರಳುದ್ದದ ರಾಮಪತ್ರೆ ಸಸಿಗಳು ಎದ್ದಿವೆ. ಎಣಿಸಿದೆ, ಹದಿನೇಳು.

ಯುಗಾದಿಯ ದಿನ ಬೇವು ಬೆಲ್ಲ ಆದ ಮೇಲೆ ತಾಮ್ರದ ಕೊಡ ತೊಳೆದು ಅಬ್ಬಿಯ ಕೆಳಗೆ ಇಟ್ಟೆ. ನಮ್ಮವರ ಕೈಗಡಿಯಾರಕ್ಕೆ ಹೊಸ ಸೆಲ್ಲು ಹಾಕಿಸಿದ್ದೆ. ಮೈದುನನ ಚಿಕ್ಕ ಮಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮುಳ್ಳು ನೋಡುತ್ತಿದ್ದ. ಕೊಡ ತುಂಬಿ ಹೊರಗೆ ಚೆಲ್ಲಿದಾಗ “ದೊಡ್ಡಾಯಿ, ಮೂರು ನಿಮಿಷ ಹತ್ತು ಸೆಕೆಂಡು” ಎಂದು ಕೂಗಿದ. ಪಂಚಾಂಗ ಅವನ ಕೈಗೇ ಕೊಟ್ಟೆ, ಅಂಚಿನಲ್ಲಿ ಅವನೇ ಬರೆದ.